ನಿಮ್ಮ ದೂರನ್ನು ಗಮನಿಸಲಾಗಿದೆ

ಮಾರ್ಚ್ ೪, ಸೋಮವಾರ

ಇವತ್ತೂ ಬೈಯಲಿಲ್ಲ.

ಬೇಕೆಂದೇ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದು ಬಾಗಿಲ ಮರೆಯಲ್ಲಿ ನಿಂತು ಕಾದೆ. ನನ್ನ ಹೆಂಡತಿ ಬಂದಳು, ಟವೆಲು ನೋಡಿದಳು, ಎತ್ತಿಕೊಂಡು ಹೋಗಿ ತಂತಿಯ ಮೇಲೆ ಹರವಿದಳು. ಮದುವೆಯಾದ ಲಾಗಾಯ್ತು ಈ ಟವೆಲಿನ ವಿಷಯಕ್ಕೆ ನಾನು ಉಗಿಸಿಕೊಂಡದ್ದು ಅಷ್ಟಿಷ್ಟಲ್ಲ. ಈಗ ಅವಳು ತುಟಿಪಿಟಕ್ಕೆನ್ನುವುದಿಲ್ಲ. ಕೇಳಿದ್ದಕ್ಕೆ ಉತ್ತರ, ಹೊತ್ತಿಗೆ ಸರಿಯಾಗಿ ಊಟ. ನಮ್ಮ ಮನೆಯಲ್ಲೇ ನಾನು ಲಾಡ್ಜಿನಲ್ಲಿ ಇಳಿದುಕೊಂಡವನ ಹಾಗೆ ಇದ್ದೇನೆ.

ಆದದ್ದು ಇಷ್ಟೇ. ಹೋದ ತಿಂಗಳು ಒಂದು ಸಂಜೆ ಕುರ್ಚಿಯಲ್ಲಿ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದೆ. ಅವಳು ಎದುರು ನಿಂತು ಏನೋ ಹೇಳುತ್ತಿದ್ದಳು. ಜೋರಾಗಿ, ಕೈ ಆಡಿಸಿಕೊಂಡು, ಉಸಿರು ತೆಗೆದುಕೊಳ್ಳದೆ. ನಾನು ಫ್ಯಾನ್ ಕಂಪನಿಯ ದೂರು ಕಿಟಕಿಯ ಹಿಂದೆ ಕೂತು ಕೂದಲು ಉದುರಿಸಿಕೊಂಡವನು. ಜೋರು ದನಿ ಕೇಳಿದರೆ ಸಾಕು, ಕಿವಿ ತಾನಾಗಿ ಮುಚ್ಚಿಕೊಳ್ಳುತ್ತದೆ, ತಲೆ ತಾನಾಗಿ ಆಡುತ್ತದೆ, ಮನಸ್ಸು ಮನೆಯಿಂದ ಕಚೇರಿಯವರೆಗಿನ ಬಸ್ ನಿಲ್ದಾಣಗಳನ್ನು ಒಂದೊಂದಾಗಿ ಹೇಳಿಕೊಳ್ಳತೊಡಗುತ್ತದೆ. ನೀರಿನ ಟ್ಯಾಂಕ್, ಹಳೇ ಟಾಕೀಸು, ಹೆಣ್ಣುಮಕ್ಕಳ ಶಾಲೆ, ಮರದ ಡಿಪೋ. ಈ ಉಪಾಯವಿಲ್ಲದಿದ್ದರೆ ಆ ಕಿಟಕಿಯ ಹಿಂದೆ ಯಾರೂ ಒಂದು ವಾರವೂ ಬಾಳುವುದಿಲ್ಲ. ಅವಳು ಮಾತು ನಿಲ್ಲಿಸಿದಾಗ ನಾನು ಮರದ ಡಿಪೋದಲ್ಲಿದ್ದೆ. ರೂಢಿಯಾದದ್ದು ಬಾಯಿಗೆ ಬಂದುಬಿಟ್ಟಿತು.

"ನಿಮ್ಮ ದೂರನ್ನು ಗಮನಿಸಲಾಗಿದೆ" ಎಂದೆ.

ಅಂದಿನಿಂದ ಅವಳು ಮಲಗುವುದು ನಡುಮನೆಯ ದಿವಾನದ ಮೇಲೆ. ಮಂಚದಲ್ಲಿ ಅವಳ ಜಾಗದಲ್ಲಿ ಅವಳ ಸೂಟ್‌ಕೇಸ್ ಮಲಗಿದೆ, ಬಟ್ಟೆ ತುಂಬಿಸಿಕೊಂಡು. ಊರಿನ ಆಚೆ ತುದಿಯಲ್ಲಿರುವ ಅವಳ ತಂಗಿಯ ಮನೆಯಲ್ಲಿ ಮಹಡಿ ಮೇಲಿನ ಕೋಣೆಗೆ ಬಣ್ಣ ಬಳಿಸುತ್ತಿದ್ದಾರೆ. ಅದು ಮುಗಿದ ಕೂಡಲೇ ಅಲ್ಲಿಗೆ ಹೋಗಿ ಇರುವುದು ಎಂದು ತೀರ್ಮಾನವಾಗಿದೆ. ಎಷ್ಟು ದಿನಕ್ಕೆ ಎಂದು ಕೇಳಿದೆ. "ಅಲ್ಲಿ ಬೀರು ಇದೆಯಂತೆ" ಎಂದಳು. ಬೀರು ವಿಚಾರಿಸಿಕೊಂಡು ಹೋಗುವವರು ನಾಲ್ಕು ದಿನಕ್ಕೆ ಹೋಗುವುದಿಲ್ಲ.

ಅಂದು ಅವಳು ಏನೆಂದು ಬೈಯುತ್ತಿದ್ದಳು ಎನ್ನುವುದೇ ನನಗೆ ಗೊತ್ತಿಲ್ಲ. ಕೇಳಿದರೆ ಕಿವಿಗೆ ಹಾಕಿಕೊಂಡಿರಲಿಲ್ಲ ಎಂದು ಒಪ್ಪಿಕೊಂಡ ಹಾಗೆ. ಕೇಳದಿದ್ದರೆ ಹೋಗಿಬಿಡುತ್ತಾಳೆ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡು ಕೂತಿದ್ದೇನೆ. ಅವಳಿಲ್ಲದ ಮನೆಯನ್ನು ನೆನೆಸಿಕೊಳ್ಳಲೂ ಆಗುವುದಿಲ್ಲ.

ಮಾರ್ಚ್ ೬, ಬುಧವಾರ

ಕಚೇರಿಗೆ ಒಬ್ಬ ತರಬೇತಿಯವರು ಬಂದಿದ್ದರು. ಮ್ಯಾನೇಜರು ಎಲ್ಲರನ್ನೂ ಗೋಡೌನಿನಲ್ಲಿ ಫ್ಯಾನಿನ ಡಬ್ಬಗಳ ಮೇಲೆ ಕೂರಿಸಿದರು. ವಿಷಯ, ದಿನಕ್ಕೊಂದು ಉದಾರತೆ. "ದುಡ್ಡೇ ಕೊಡಬೇಕು ಅಂತೇನಿಲ್ಲ. ನಿಮ್ಮ ಹತ್ರ ಯಾವುದು ಹೇರಳವಾಗಿದೆಯೋ ಅದನ್ನ ಕೊಡಿ. ವಾಪಸ್ ಬರುತ್ತೆ ಅಂತ ಮಾತ್ರ ಕೊಡಬೇಡಿ" ಎಂದರು. ಆಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ ನಿಮ್ಮಲ್ಲಿ ಏನು ಹೇರಳವಾಗಿದೆ ಎಂದು ಕೇಳಿದರು. ಟೈಪಿಸ್ಟ್ ನಗು ಎಂದಳು. ಗೋಡೌನಿನವನು ತೋಳು ತೋರಿಸಿದ. ನನ್ನ ಸರದಿ ಬಂದಾಗ ನಾನು ಬ್ಬೆಬ್ಬೆಬ್ಬೆ ಎಂದು ಕೂತುಬಿಟ್ಟೆ.

ಬಸ್ಸಿನಲ್ಲಿ ಅದೇ ಚಿಂತೆ. ದುಡ್ಡಿಲ್ಲ, ಕೂದಲಿಲ್ಲ, ಮಂಡಿಯಲ್ಲಿ ಶಕ್ತಿಯಿಲ್ಲ. ಹೆಣ್ಣುಮಕ್ಕಳ ಶಾಲೆ ದಾಟುವಾಗ ಹೊಳೆಯಿತು. ಬೈಸಿಕೊಳ್ಳುವ ತಾಕತ್ತು! ಸುಟ್ಟ ಫ್ಯಾನು ಕೈಯಲ್ಲಿ ಹಿಡಿದು ಬಂದವರಿಂದ ನಾನು ಬೈಸಿಕೊಂಡಿದ್ದೇನೆ. ಮುತ್ತಾತನವರೆಗೂ ಹೋಗಿ ಜಾಲಾಡಿದವರಿದ್ದಾರೆ. ಒಂದು ಕೂದಲೂ ಕೊಂಕಿಲ್ಲ. ಇದೇ ಊರಿನಲ್ಲಿ ಬೈಗುಳಕ್ಕೆ ಹೆದರಿ ನಡುಗುವ ಜನ ಎಷ್ಟಿಲ್ಲ! ಅವರ ಬದಲು ನಾನು ಹೋಗಿ ಬೈಸಿಕೊಳ್ಳಬಹುದಲ್ಲ.

ಇದನ್ನು ನೋಡಿ ಹೆಂಡತಿಯ ಮನಸ್ಸೂ ಕರಗಬಹುದು. ವಾಪಸ್ ಬರಲೆಂದು ಕೊಡಬಾರದು ಎಂದಿದ್ದಾರೆ, ಸರಿ. ಆದರೆ ಆ ತರಬೇತಿಯವರೇನು ನಮ್ಮ ಮನೆಗೆ ಬಂದು ನೋಡುತ್ತಾರೆಯೇ?

ಅವಳ ಬಟ್ಟೆಯ ಅಂಚಿಗೆ ಕಪ್ಪು ಗ್ರೀಸು ಮೆತ್ತಿತ್ತು. ಸೂಟ್‌ಕೇಸಿನ ಬೀಗಕ್ಕೆ ಹಚ್ಚಿರಬೇಕು.

ಮಾರ್ಚ್ ೯, ಶನಿವಾರ

ಶುರು ಮಾಡಿದೆ. ನಮ್ಮ ಎದುರಿನ ಅಂಗಡಿಯ ಟೈಲರ್ ಯಾವ ಬಟ್ಟೆಯನ್ನೂ ಹೇಳಿದ ದಿನಕ್ಕೆ ಕೊಟ್ಟವನಲ್ಲ. ಗಿರಾಕಿ ಬಂದರೆ ಕತ್ತರಿಸುವ ಮೇಜಿನ ಅಡಿಗೆ ಹೋಗಿ ಸೇರಿಕೊಳ್ಳುತ್ತಾನೆ. ದಿನದ ಅರ್ಧ ಹೊತ್ತು ಅಡಿಯಲ್ಲೇ ಇರುವುದರಿಂದ ಹೊಲಿಗೆ ಇನ್ನಷ್ಟು ತಡ.

"ನೀನು ಹೊಲಿಯಪ್ಪ, ಬರೋರ ಹತ್ರ ನಾನು ಬೈಸಿಕೊಳ್ತೀನಿ" ಎಂದೆ.

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಯಾಕಣ್ಣಾ? ಮನೇಲಿ ಎಲ್ಲಾ ಸರಿ ಇದೆ ತಾನೇ?"

ಅವನ ಸ್ಟೂಲಿನ ಮೇಲೆ ಕೂತೆ. ಮೊದಲು ಬಂದವರು ಬೀದಿ ಕೊನೆಯ ಅಜ್ಜಿ. ಕೋಟು ಹೊಲಿಯಲು ಕೊಟ್ಟಿದ್ದರಂತೆ. ನಾನು ಟೈಲರ್ ಬದಲಿಗೆ ಕೂತಿದ್ದೇನೆ, ಏನಿದ್ದರೂ ನನಗೇ ಹೇಳಿ ಎಂದೆ. ಅಜ್ಜಿ ಕೋಲು ಗೋಡೆಗೆ ಒರಗಿಸಿ, ಎರಡೂ ಕೈ ಸೊಂಟಕ್ಕಿಟ್ಟುಕೊಂಡು ಶುರು ಮಾಡಿದರು. ನಾನು ಕಚೇರಿಯವರೆಗೆ ಹೋಗಿ, ಅಲ್ಲಿಂದ ವಾಪಸ್ ಮನೆಗೆ ಬಂದು, ಮತ್ತೆ ಹಳೇ ಟಾಕೀಸಿನವರೆಗೆ ಹೋದೆ. ಕೊನೆಗೆ "ನಿಮ್ಮ ದೂರನ್ನು ಗಮನಿಸಲಾಗಿದೆ" ಎಂದೆ. ಅಷ್ಟರಲ್ಲಿ ಟೈಲರ್ ಒಂದು ತೋಳು ಕೂಡಿಸಿದ್ದ. ಎಷ್ಟು ಸುಲಭ!

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಬೈಸಿಕೊಳ್ಳೋದೂ ಒಂದು ದಾನ ಕಣೇ."

"ಊಟಕ್ಕೆ ಹಾಕ್ಲಾ?" ಎಂದಳು.

ಮಾರ್ಚ್ ೧೦, ಭಾನುವಾರ

ಬೆಳಗ್ಗೆ ಬಾಗಿಲು ತೆಗೆದರೆ ಅಜ್ಜಿ.

"ನಿನ್ನೆ ನಿನಗೆ ಬೈದದ್ದು ಗೋಡೆಗೆ ಬೈದ ಹಾಗಾಯ್ತು ಕಣಪ್ಪಾ. ಮನೆಗೆ ಹೋಗಿ ನೋಡಿದ್ರೆ ಎಲ್ಲಾ ಹೊಟ್ಟೆಯೊಳಗೇ ಇದೆ. ಒಂದೂ ಹೊರಗೆ ಹೋಗಿಲ್ಲ. ಎಲ್ಲಿ, ನಾನೇನಂದೆ ಹೇಳು ನೋಡೋಣ?"

"ಕೋಟು ತಡ ಆಯ್ತು ಅಂತ..."

"ಅದನ್ನ ಬೀದೀಲಿ ಹೋಗೋ ಬೆಕ್ಕೂ ಹೇಳುತ್ತೆ. ಆಮೇಲೆ?"

ಆಮೇಲೆ ನಾನು ಬಸ್ಸು ಹತ್ತಿಬಿಟ್ಟಿದ್ದೆ.

"ನೀನು ಬೈಸಿಕೊಳ್ಳೋಕೆ ಲಾಯಕ್ಕಿಲ್ಲ" ಎಂದರು ಅಜ್ಜಿ.

ನನಗೆ ಹೀಗೆಂದವರು ಇದುವರೆಗೆ ಯಾರೂ ಇಲ್ಲ. ಕಂಪನಿಯಲ್ಲಿ ಹೊಸದಾಗಿ ಸೇರಿದವರನ್ನು ನನ್ನ ಪಕ್ಕ ಕೂರಿಸಿ ನೋಡಿ ಕಲಿಯಿರಿ ಎನ್ನುತ್ತಾರೆ! ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಬಂದು ನಿಂತಿದ್ದಳು. ಮಾನ ಹೋಯಿತೆನ್ನಿಸಿತು. ಅಜ್ಜಿಗೆ ಕುರ್ಚಿ ಹಾಕಿ, ಇನ್ನೊಂದು ಸಲ ಮೊದಲಿನಿಂದ ಬೈಯಿರಿ ಎಂದು ಕೇಳಿಕೊಂಡೆ. ಅಜ್ಜಿ ಬೈದರು. ನಡುನಡುವೆ ನಿಲ್ಲಿಸಿ, ಈಗ ಏನಂದೆ ಎಂದು ಪರೀಕ್ಷೆ ಬೇರೆ. ಬಸ್ಸು ಹತ್ತಲು ಅವಕಾಶವೇ ಕೊಡಲಿಲ್ಲ.

ನಾಲ್ಕು ಜನ ಅಕ್ಕತಂಗಿಯರಂತೆ, ನಾಲ್ಕು ದಿಕ್ಕಿನಲ್ಲಿ ಇರುವವರು. ಎಷ್ಟೋ ವರ್ಷಕ್ಕೆ ಒಟ್ಟಿಗೆ ಸೇರಿ ಒಂದು ಫೋಟೋ ತೆಗೆಸಿಕೊಂಡರು. ಆ ಕೋಟು ಅದಕ್ಕಾಗಿ. ಅದು ಸಿಗದೆ ಅಜ್ಜಿ ತೀರಿಹೋದ ಗಂಡನ ಕೋಟನ್ನೇ ತೋಳು ಮಡಚಿ ಹಾಕಿಕೊಂಡು ಹೋದರು. "ಮೂರು ಜನ ಹೆಂಗಸರು, ಪಕ್ಕದಲ್ಲಿ ಒಬ್ಬ ಮುದುಕ ನಿಂತ ಹಾಗೆ ಕಾಣ್ತೀನಿ. ದೊಡ್ಡಕ್ಕ ಹಾಸಿಗೆ ಹಿಡಿದಿದ್ದಾಳೆ. ಇನ್ನೊಂದು ಫೋಟೋ ಎಲ್ಲಿಂದ ಬರಬೇಕು?"

"ಅಯ್ಯೋ" ಎಂದುಬಿಟ್ಟೆ.

ಅಜ್ಜಿ ಥಟ್ಟನೆ ನಿಲ್ಲಿಸಿದರು. "ಹಾಂ. ಇದು. ಇದನ್ನ ನಿನ್ನೇನೇ ಅಂದಿದ್ರೆ ನನಗೆ ಎರಡು ಸಲ ಬರೋದು ತಪ್ತಿತ್ತು." ಒಂದು ಲೋಟ ನೀರು ಕುಡಿದು, ಕೋಲು ಮರೆತು ನೆಟ್ಟಗೆ ನಡೆದು ಹೋದರು. ಆಮೇಲೆ ನಾನೇ ಓಡಿಹೋಗಿ ಕೊಟ್ಟು ಬಂದೆ.

ನೆನಪಿಡಬೇಕಾದದ್ದು: ಸರಿಯಾದ ಜಾಗದಲ್ಲಿ ಒಂದು "ಅಯ್ಯೋ" ಬೇಕು. ಜಾಗ ಗೊತ್ತಾಗಬೇಕಾದರೆ ಮಾತಿನ ಮೇಲೆ ಗಮನವಿರಬೇಕು. ಇದೊಂದು ತಾಂತ್ರಿಕ ವಿಷಯ, ಅಷ್ಟೇ.

ಮಾರ್ಚ್ ೧೩, ಬುಧವಾರ

ಸುದ್ದಿ ಹಬ್ಬಿದೆ. ನನಗೆ ಬೈಗುಳದಣ್ಣ ಎಂದು ಹೆಸರು ಬಿದ್ದಿದೆ.

ಕೆಳಮನೆಯ ಯುವಕ ಇವತ್ತು ಕೈ ಹಿಡಿದುಕೊಂಡ. ಅವನ ಮಾವ ಬರುವವರಿದ್ದರು. ಅವರು ಪ್ರೀತಿಯಿಂದ ಕೊಟ್ಟ ರೇಡಿಯೋವನ್ನು ಅಳಿಯ ಯಾರಿಗೋ ಮಾರಿಬಿಟ್ಟಿದ್ದಾನೆ. "ಒಂದು ಗಂಟೆ ನೀವೇ ಅಳಿಯ ಆಗಿಬಿಡಿ ಅಣ್ಣಾ" ಎಂದು ಬೇಡಿಕೊಂಡ. ಆದೆ. ಮಾವ ನನಗಿಂತ ಚಿಕ್ಕವರು. ಅದನ್ನು ಇಬ್ಬರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. "ಏನಯ್ಯಾ ಅಳಿಯ, ನಾಚಿಕೆ ಆಗಲ್ವಾ ನಿನಗೆ?" ಎಂದು ಶುರು ಮಾಡಿ ಹಿಗ್ಗಾಮುಗ್ಗಾ ಝಾಡಿಸಿದರು. ನಾನು ರೇಡಿಯೋದಲ್ಲಿ ಯಾವ ಸ್ಟೇಷನ್ ಚೆನ್ನಾಗಿ ಬರುತ್ತಿತ್ತು ಎಂದು ಕೇಳಿದೆ. ಅವರು ಅಲ್ಲೇ ಮೆತ್ತಗಾದರು. ಆ ಸ್ಟೇಷನ್ನಿನ ವಿಷಯ ಬಹಳ ಹೊತ್ತು ಹೇಳಿದರು. ಹೊರಡುವಾಗ ನನ್ನ ಭುಜ ತಟ್ಟಿ, "ನನ್ನ ಮಗಳಿಗೆ ನಿಮ್ಮಂಥೋರು ಸಿಗಬೇಕಿತ್ತು. ಮುಂದಿನ ವಾರ ಬರ್ತೀನಿ, ಇರ್ತೀರಲ್ಲ?" ಎಂದರು. ಅಳಿಯ ಮುಖ ಸಣ್ಣದು ಮಾಡಿಕೊಂಡ.

ಹೆಂಡತಿ ಇನ್ನೂ ಬೈದಿಲ್ಲ.

ಮಾರ್ಚ್ ೧೫, ಶುಕ್ರವಾರ

ಅವಳ ಮೊಣಕಾಲಿಗೆ ಪಟ್ಟಿ. ಏನಾಯಿತು ಎಂದೆ. "ಬಿದ್ದೆ" ಎಂದಳು. ಎಲ್ಲಿ ಎಂದೆ. "ಕೆಳಗೆ" ಎಂದಳು. ಬೀಳುವವರೆಲ್ಲ ಕೆಳಗೇ ಬೀಳುವುದು. ಇದು ಉತ್ತರವಲ್ಲ. ಸೂಟ್‌ಕೇಸ್ ಹೊತ್ತು ಮೆಟ್ಟಿಲಿಳಿಯಲು ಅಭ್ಯಾಸ ಮಾಡುತ್ತಿದ್ದಾಳೋ ಏನೋ.

ಮೇಲಿನ ಮಹಡಿಯ ಡ್ರಿಲ್ ಟೀಚರ್ ಜೊತೆ ಈಚೆಗೆ ಅವಳದು ಬಹಳ ಗುಸುಗುಸು. ಆಯಮ್ಮ ನಿವೃತ್ತಿಯಾಗಿ ಎಷ್ಟೋ ಕಾಲವಾಯಿತು, ಕುತ್ತಿಗೆಯಲ್ಲಿ ಸೀಟಿ ಇನ್ನೂ ನೇತಾಡುತ್ತದೆ. ಮೆಟ್ಟಿಲ ಮೇಲೆ ಎದುರಾದರೆ ಬೂಟು ಮರೆತು ಮೈದಾನಕ್ಕೆ ಬಂದ ಹುಡುಗನನ್ನು ನೋಡುವ ಹಾಗೆ ನನ್ನನ್ನು ನೋಡುತ್ತಾರೆ. ನಾನು ನೆಟ್ಟಗೆ ನಿಲ್ಲುತ್ತೇನೆ, ಯಾಕೆಂದು ಗೊತ್ತಿಲ್ಲ.

ಮಾರ್ಚ್ ೨೦, ಬುಧವಾರ

ಕಚೇರಿಯಲ್ಲಿ ರಾದ್ಧಾಂತ.

ಮೊದಲೆಲ್ಲ ಊಟದ ಬೆಲ್ಲಿನೊಳಗೆ ಇಡೀ ಸಾಲನ್ನು ಸಾಗಹಾಕುತ್ತಿದ್ದೆ. ಇವತ್ತು ಇಬ್ಬರೇ ಆದರು. ಒಬ್ಬರ ಫ್ಯಾನು ಟಕ್ ಟಕ್ ಎನ್ನುತ್ತದೆಯಂತೆ. ಅದಕ್ಕೆ ಹೆದರಿ ಅವರ ನಾಯಿ ಮನೆಯೊಳಗೆ ಬರುವುದಿಲ್ಲ, ನಾಯಿಯನ್ನು ಬಿಟ್ಟು ಅವರ ತಾಯಿ ಮಲಗುವುದಿಲ್ಲ, ಹಾಗಾಗಿ ತಾಯಿ ವರಾಂಡದಲ್ಲಿ ಮಲಗುತ್ತಾರೆ, ಸೊಳ್ಳೆ. ಇಷ್ಟೆಲ್ಲ ಒಂದು ಫ್ಯಾನಿನೊಳಗೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಗೋಡೌನಿಗೆ ಹೋಗಿ ಹೊಸ ಫ್ಯಾನು ತಂದುಕೊಟ್ಟೆ. ಸಾಲು ಗೇಟಿನ ಆಚೆಗೂ ಹೋಗಿತ್ತು.

ಮ್ಯಾನೇಜರು ಕೋಣೆಗೆ ಕರೆದು ಮೇಜು ಗುದ್ದಿದರು. "ನಿಮ್ಮನ್ನ ಅಲ್ಲಿ ಕೂರಿಸಿರೋದು ಬೈಸಿಕೊಳ್ಳೋಕೆ ಕಣ್ರೀ, ಕೇಳಿಸಿಕೊಳ್ಳೋಕಲ್ಲ!"

ಅವರು ಪೂರ್ತಿ ಹೇಳಿ ಮುಗಿಸುವವರೆಗೆ ಕಾದೆ. ಅವರ ದನಿ ಕೊನೆಕೊನೆಗೆ ಸ್ವಲ್ಪ ಒಡೆಯುತ್ತಿತ್ತು. "ಇನ್ನೇನಾದ್ರೂ ಇದೆಯಾ ಸಾರ್?" ಎಂದೆ. ಮ್ಯಾನೇಜರು ಕುರ್ಚಿಯಲ್ಲಿ ಕೂತರು. ಕಿಟಕಿ ಕಡೆ ನೋಡಿದರು. ಈ ಕಚೇರಿಯಲ್ಲಿ ತಮ್ಮ ಜೊತೆ ಯಾರೂ ಊಟಕ್ಕೆ ಕೂರುವುದಿಲ್ಲ ಎಂದರು. ನಾಳೆಯಿಂದ ನಾನು ಕೂರಬೇಕಾಗಿದೆ. ಅವರು ಬಾಯಿ ತೆರೆದು ಚಪ್ಪರಿಸುತ್ತಾರೆ, ಅದಕ್ಕೇ ಯಾರೂ ಕೂರುವುದಿಲ್ಲ.

ಬಸ್ಸಿನಲ್ಲಿ ಪಕ್ಕದವರು ತಮ್ಮ ಮಗನನ್ನು ಬೈಯುತ್ತಿದ್ದರು, ನನ್ನೆದುರಿಗೆ. ಅದರಲ್ಲಿ ಮುಳುಗಿ ಇಳಿಯಬೇಕಾದ ನಿಲ್ದಾಣವೇ ತಪ್ಪಿಹೋಯಿತು. ಹಳೇ ಟಾಕೀಸಾದ ಮೇಲೆ ಯಾವುದು? ವಯಸ್ಸಾಯಿತು, ಮರೆವು ಶುರುವಾಗಿದೆ.

ಮಾರ್ಚ್ ೨೪, ಭಾನುವಾರ

ಸಂಜೆ ಒಬ್ಬ ಬಂದ. ಮೈತುಂಬ ಬಣ್ಣದ ಚುಕ್ಕೆ. "ಬೈಗುಳದಣ್ಣ ಅಂದ್ರೆ ನೀವೇನಾ?"

ಪೇಂಟರ್. ಒಂದು ಮನೆಯ ಕೆಲಸ ಹಿಡಿದು ತಿಂಗಳ ಮೇಲಾಯಿತು, ಮುಗಿಯುತ್ತಿಲ್ಲ. "ಆ ಅಮ್ಮ ಬೈತಾರೆ ಅಣ್ಣಾ. ಬೈದ್ರೆ ನನ್ನ ಕೈ ನಡುಗುತ್ತೆ. ನಡುಗಿದ್ರೆ ಅಂಚು ಸೊಟ್ಟ ಆಗುತ್ತೆ. ಸೊಟ್ಟ ಆದ್ರೆ ಮತ್ತೆ ಬೈತಾರೆ. ಅಳಿಸಿ ಮತ್ತೆ ಬಳೀತೀನಿ, ಅಷ್ಟರಲ್ಲಿ ಅವರು ಮತ್ತೆ ಬರ್ತಾರೆ. ಒಂದೇ ಒಂದು ದಿನ ಬೈಯದೆ ಬಿಟ್ರೆ ಸಂಜೆ ಒಳಗೆ ಮುಗಿಸಿಬಿಡ್ತೀನಿ. ಹೀಗೇ ಆದ್ರೆ ನನಗೆ ಈ ಕಸುಬೇ ಹೋಗುತ್ತೆ."

ಯಾವ ಮನೆ ಎಂದು ಕೇಳಿದೆ. ಹೇಳಿದ. ನನ್ನ ನಾದಿನಿಯ ಮನೆ. ಮಹಡಿ ಮೇಲಿನ ಕೋಣೆ.

ಅಂದರೆ ನನ್ನ ಹೆಂಡತಿ ಇಷ್ಟು ದಿನ ಈ ಮನೆಯಲ್ಲಿ ಉಳಿದಿರುವುದು ಇವನ ನಡುಗುವ ಕೈಯ ದಯೆಯಿಂದ. ಅವನ ಬೆರಳುಗಳನ್ನೇ ನೋಡಿದೆ. ಮುತ್ತು ಕೊಡಬೇಕೆನ್ನಿಸಿತು. ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದೆ.

ಮಾರ್ಚ್ ೨೫, ಸೋಮವಾರ

ಯೋಚಿಸಿದೆ. ಆಗುವುದಿಲ್ಲ. ನಾನೇನು ಹುಚ್ಚನೇ?

ಮಾರ್ಚ್ ೨೬, ಮಂಗಳವಾರ

ಕೆಲಸಕ್ಕೆ ಹೋಗುವಾಗ ಪೇಂಟರ್ ನಮ್ಮ ಮೆಟ್ಟಿಲ ಮೇಲೆ ಕೂತಿದ್ದ. ಬರುವಾಗಲೂ ಕೂತಿದ್ದ. ಅಂಗಿಯ ಗುಂಡಿಗಳನ್ನು ಒಂದು ತೂತು ಬಿಟ್ಟು ಇನ್ನೊಂದಕ್ಕೆ ಹಾಕಿಕೊಂಡಿದ್ದ. ಏನೂ ಕೇಳಲಿಲ್ಲ. "ಹೋಗಿ ಬಂದ್ರಾ ಅಣ್ಣಾ" ಎಂದ ಅಷ್ಟೇ.

ದರಿದ್ರದವನು. ಕೇಳಿದ್ದರೆ ಇಲ್ಲ ಎನ್ನಬಹುದಿತ್ತು.

ಮಾರ್ಚ್ ೨೭, ಬುಧವಾರ

ರಜೆ ಹಾಕಿ ಹೋದೆ.

ನಾದಿನಿ ಬಾಗಿಲು ತೆಗೆದಳು. "ಭಾವಾ? ನೀವ್ಯಾಕೆ ಬಂದ್ರಿ? ಅಕ್ಕನ್ನ ಕರೆಸ್ಕೋಬೇಡ ಅಂತ ಹೇಳೋಕಾ?"

"ಅಲ್ಲ, ನಾನು ಪೇಂಟರ್ ಬದಲಿಗೆ ಬಂದಿದ್ದೀನಿ. ಅವನು ಮೇಲೆ ಕೆಲಸ ಮಾಡ್ಕೊಳ್ಳಲಿ. ನೀನು ನನಗೆ ಶುರು ಮಾಡು."

ಅವಳು ಮೊದಲು ನಕ್ಕಳು. ಆಮೇಲೆ ಬಣ್ಣದ ಡಬ್ಬ ಕಣ್ಣಿಗೆ ಬಿತ್ತು. "ಬೆಣ್ಣೆ ಬಣ್ಣ ಅಂದ್ರೆ ಮೊಟ್ಟೆ ಬಣ್ಣ ಬಳಿದಿದ್ದೀಯಲ್ಲೋ! ಕಣ್ಣು ಮುಚ್ಕೊಂಡು ಬಳಿದ್ಯಾ?" ಅಲ್ಲಿಂದ ತಡೆಯಿಲ್ಲ. ನಾನು ಮೋಡದ ಹಾಗೆ ಕಾಣುವ ಚಾವಣಿಗೂ, ಕಿಟಕಿಯ ಗಾಜಿಗೆ ಸಿಡಿದ ಹನಿಗಳಿಗೂ, ಕಾಣೆಯಾದ ಏಣಿಗೂ ಬೈಸಿಕೊಂಡೆ. ಏಣಿ ಆಮೇಲೆ ಅವಳದೇ ಹಿತ್ತಲಲ್ಲಿ ಸಿಕ್ಕಿತು. ಅದಕ್ಕೂ ನನಗೇ ಬೈದಳು.

ಮಧ್ಯಾಹ್ನದ ಹೊತ್ತಿಗೆ ಅವಳ ದನಿ ಇಳಿಯಿತು.

"ಇದನ್ನ ಪೇಂಟರಿಗೆ ಹೇಳ್ತಾ ಇದ್ದೀನಿ, ನಿಮಗಲ್ಲ" ಎಂದಳು.

"ಗೊತ್ತು, ಹೇಳು."

"ನೋಡು ಪೇಂಟರಾ, ನಮ್ಮಕ್ಕ ಈ ಕೋಣೆಗೆ ಬರೋದು ನನಗೇನೂ ಖುಷಿ ಇಲ್ಲ. ನಾವಿಬ್ಬರೂ ಒಂದೇ ಮನೇಲಿದ್ರೆ ಎರಡು ದಿನಕ್ಕೆ ಜುಟ್ಟು ಹಿಡ್ಕೊಳ್ತೀವಿ. ಆದ್ರೂ ಬಾ ಅಂದೆ. ಯಾಕಂದ್ರೆ ಅವಳು ಫೋನಲ್ಲಿ ಏನಾದ್ರೂ ಹೇಳೋಕೆ ಶುರು ಮಾಡ್ತಾಳೆ, ಅರ್ಧಕ್ಕೇ ನಿಲ್ಲಿಸ್ತಾಳೆ. ಏನೇ ಅಂದ್ರೆ, 'ಹೋಗ್ಲಿ ಬಿಡು, ಹೇಳ್ಕೊಳ್ಳೋದೇ ಮರೆತುಹೋಗಿದೆ' ಅಂತಾಳೆ. ಎಂಥ ಮಾತುಗಾತಿ ಅವಳು! ಮನೇಲಿ ಅಷ್ಟು ದೊಡ್ಡ ಗಂಡಸನ್ನ ಇಟ್ಕೊಂಡು!"

ಪೇಂಟರ್ ಪರವಾಗಿ ನಾನು ತಲೆ ತಗ್ಗಿಸಿದೆ.

ಸಂಜೆ ಅವನು ಕೆಳಗಿಳಿದು ಬಂದ. ಮುಗಿಸಿದ್ದ. ಹೋಗಿ ನೋಡಿದೆ. ದಾರ ಹಿಡಿದು ಎಳೆದ ಹಾಗೆ ಅಂಚು. ಒಳ್ಳೆಯ ಕೋಣೆ, ಗಾಳಿ ಬೆಳಕು ಚೆನ್ನಾಗಿದೆ, ಬೀರುವೂ ದೊಡ್ಡದು. ಪೇಂಟರ್ ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಕೋಣೆ ಮುಗೀತು. ನಾನೇ ಹೋಗಿ ಮುಗಿಸಿಕೊಟ್ಟು ಬಂದೆ. ಅವನು ಪಾಪ, ಕಷ್ಟದಲ್ಲಿದ್ದ."

ಅವಳು ಕೈಲಿದ್ದ ಕೆಲಸ ಅಲ್ಲೇ ಬಿಟ್ಟಳು. ಆಮೇಲೆ ಡ್ರಿಲ್ ಟೀಚರ್ ಮನೆಗೆ ಮೆಟ್ಟಿಲು ಹತ್ತಿ ಹೋದಳು.

ಭಾನುವಾರಕ್ಕೆ ಟ್ಯಾಕ್ಸಿ ಹೇಳಿದ್ದಾಳೆ.

ಮಾರ್ಚ್ ೩೦, ಶನಿವಾರ

ಸೂಟ್‌ಕೇಸ್ ಮೇಲೆ ಕೈಯಿಟ್ಟು ಮಲಗಿದ್ದೆ, ಅಷ್ಟೇ. ಬರೆಯುವಂಥದ್ದು ಏನೂ ಇಲ್ಲ.

ಮಾರ್ಚ್ ೩೧, ಭಾನುವಾರ

ಬೆಳಗ್ಗೆ ಬಾಗಿಲಲ್ಲಿ ಸೀಟಿ ಕೇಳಿಸಿತು. ಡ್ರಿಲ್ ಟೀಚರ್.

"ಕೂತ್ಕೊಳ್ಳಿ. ಬೆನ್ನು ನೆಟ್ಟಗೆ. ನಾನು ನಿಮ್ಮ ಹೆಂಡತಿ ಬದಲಿಗೆ ಬಂದಿದ್ದೀನಿ."

"ಬದಲಿಗೆ ಅಂದ್ರೆ?"

"ಊರವರ ಬದಲಿಗೆಲ್ಲಾ ನೀವು ಬೈಸಿಕೊಳ್ತೀರಂತೆ. ಅವಳಿಗೆ ನಿಮಗೆ ಬೈದೂ ಬೈದೂ ಸಾಕಾಗಿ ಹೋಗಿದೆ. ಅದಕ್ಕೇ ಅವಳ ಬದಲಿಗೆ ನಾನು ಬೈತೀನಿ. ನಿಮಗೊಬ್ಬರಿಗೇನಾ ಉದಾರತೆ ಇರೋದು?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಗುತ್ತಿತ್ತು. ನಾನು ಆ ಕಡೆ ನೋಡಿದೆ. "ನನ್ನನ್ನ ನೋಡಿ!" ಎಂದು ಸೀಟಿ ಊದಿದರು.

ಆಮೇಲೆ ಆಯಮ್ಮ ನನ್ನ ಜನ್ಮ ಜಾಲಾಡಿದರು. ಮೈದಾನದ ಆ ತುದಿಗೂ ಮುಟ್ಟುವ ಗಂಟಲು. ಒದ್ದೆ ಟವೆಲು. ಮುಚ್ಚಳ ಹಾಕದ ಟೂತ್‌ಪೇಸ್ಟು. "ಊಟ ಹೇಗಿದೆ ಅಂದ್ರೆ ಹೂಂ. ತಂಗಿ ಬಂದಿದ್ಲು ಅಂದ್ರೆ ಹೂಂ. ನಿಮ್ಮನ್ನ ಪರೀಕ್ಷೆ ಮಾಡೋಕೆ ಅಂತ, 'ರೀ, ಚಾವಣಿ ಮೇಲೆ ಒಂದು ಕುದುರೆ ನಿಂತಿದೆ' ಅಂದ್ರೂ ಹೂಂ! ಆ ಕುದುರೆ ಅಲ್ಲೇ ನಿಂತಿದೆ, ನೀವು ಇವತ್ತಿನವರೆಗೂ ಯಾವ ಕುದುರೆ ಅಂತ ಕೇಳಿಲ್ಲ!"

ಬೀದಿಯಲ್ಲಿ ಟೈಲರ್ ಹೊಲಿಗೆ ಯಂತ್ರ ನಿಲ್ಲಿಸಿದ್ದು ತಿಳಿಯಿತು. ನಾನು ಪ್ರತಿಯೊಂದು ಮಾತನ್ನೂ ಕೇಳಿದೆ. ಯಾವುದೂ ಸುಳ್ಳಾಗಿರಲಿಲ್ಲ. ಕುದುರೆಯ ವಿಷಯ ಕೇಳಿದಾಗ ಅಳು ಬಂತು.

"ಕೊನೇದು" ಎಂದರು ಟೀಚರ್. "ಹೋದ ತಿಂಗಳು, ಅವತ್ತು ಸಂಜೆ, ನೀವು ಬೂಟು ಬಿಚ್ಚುವಾಗ ಅವಳು ಏನು ಹೇಳಿದ್ಲು?"

ಏನಾದರೂ ಊಹಿಸಿ ಹೇಳಬಹುದಿತ್ತು.

"ನಾನು ಕೇಳಿಸಿಕೊಂಡಿರಲಿಲ್ಲ" ಎಂದೆ.

ಅಡುಗೆಮನೆಯ ಸದ್ದು ನಿಂತಿತು.

"ಅವತ್ತು ಅವಳು ಬೈತಾ ಇರಲಿಲ್ಲ ಕಣ್ರೀ" ಎಂದರು ಟೀಚರ್. ಅವರ ದನಿಯಲ್ಲಿ ಮೈದಾನ ಹೋಗಿ ಬರೀ ದನಿ ಉಳಿದಿತ್ತು. "ಅವತ್ತು ಬೆಳಗ್ಗೆ ಅವಳು ಸೈಕಲ್ ಕಲಿತಿದ್ಲು. ಐವತ್ತೊಂದು ವರ್ಷಕ್ಕೆ! ಮೆಟ್ಟಿಲ ಕೆಳಗಿದೆಯಲ್ಲ, ನನ್ನ ಹಳೇ ಸೈಕಲ್ಲು, ಅದರಲ್ಲಿ. ನಾನು ಹಿಂದಿನಿಂದ ಹಿಡ್ಕೊಂಡು ಓಡ್ತಾ ಇದ್ದೆ, ಗೊತ್ತಾಗದ ಹಾಗೆ ಬಿಟ್ಟುಬಿಟ್ಟೆ. ಮೈದಾನಕ್ಕೆ ಅರ್ಧ ಸುತ್ತು ಒಬ್ಬಳೇ..."

"ಅರ್ಧ ಅಲ್ಲ!" ಅಡುಗೆಮನೆಯಿಂದ ಕೂಗು ಬಂತು. "ಪೂರ್ತಿ ಒಂದು ಸುತ್ತು!"

ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಪೂರ್ತಿ ಒಂದು ಸುತ್ತು ಟೀಚರ್, ಸರಿಯಾಗಿ ಹೇಳೋದಾದ್ರೆ ಹೇಳಿ, ಇಲ್ದಿದ್ರೆ ಬಿಡಿ. ಬೇಲಿ ಹತ್ರ ನಾಯಿ ಅಡ್ಡ ಬಂತು, ನಾನು ಬೆಲ್ ಹೊಡೆದೆ, ಅದು ಪಕ್ಕಕ್ಕೆ ಹೋಯ್ತು. ಮೊದಲನೇ ಸಲ ನನ್ನ ಮಾತು ಯಾರೋ ಒಬ್ಬರು ಕೇಳಿದ ಹಾಗಾಯ್ತು!" ಆಮೇಲೆ ನನ್ನ ಕಡೆ ತಿರುಗಿದಳು. "ಅದನ್ನ ಯಾರಿಗೂ ಹೇಳದೆ ಸಾಯಂಕಾಲದವರೆಗೆ ಹೊಟ್ಟೇಲಿ ಇಟ್ಕೊಂಡು ಕಾದಿದ್ದೆ ರೀ. ನಿಮಗೇ ಮೊದಲು ಹೇಳಬೇಕು ಅಂತ. ಕುಣ್ಕೊಂಡು ಬಂದು ಹೇಳಿದ್ರೆ ದೂರನ್ನ ಗಮನಿಸಲಾಗಿದೆ! ನಾನೇನು ಕೆಟ್ಟ ಫ್ಯಾನಾ?"

"ಅಯ್ಯೋ" ಎಂದೆ. ಅದು ತಾನಾಗಿ ಬಂತು. ತಿಳಿಯಬೇಕೆನ್ನಿಸಿದ್ದು ಒಂದೇ.

"ನಾಯಿ ಯಾವ ಬಣ್ಣದ್ದು?"

ಸೌಟು ಗಾಳಿಯಲ್ಲೇ ನಿಂತಿತು.

"ಕಂದು" ಎಂದಳು. ಸೌಟು ಇಳಿಸಿ, "ಒಂದು ಕಿವಿ ಮಾತ್ರ ಬಿಳಿ."

"ಯಾವ ಕಿವಿ?"

ಡ್ರಿಲ್ ಟೀಚರ್ ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡು ಸದ್ದಿಲ್ಲದೆ ಎದ್ದು ಹೋದರು. ಹೆಂಡತಿ ಎಡಗಿವಿಯೆಂದು ಹೇಳಿ, ಅಲ್ಲಿಂದ ಮೊಣಕಾಲಿನ ಗಾಯಕ್ಕೆ ಬಂದು, ಅಲ್ಲಿಂದ ಗ್ರೀಸಿಗೆ ಬಂದು, ಮೆತ್ತಿದ ಗ್ರೀಸು ಕಂಡೂ ಒಂದು ಮಾತು ಕೇಳದ ಗಂಡನ ಕಣ್ಣಿಗೆ ಬಂದು, ಅಲ್ಲಿಂದ ಟವೆಲಿಗೆ ಬಂದಳು. ಟವೆಲಿನ ಮಧ್ಯದಲ್ಲಿರುವಾಗ ಕೆಳಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು.

ಮತ್ತೆ ಹಾರ್ನ್.

ಸೂಟ್‌ಕೇಸ್ ತರಲು ಎದ್ದೆ. ಅವಳು ಹೋಗಬೇಕೆಂದಿದ್ದರೆ ನಾನೇ ಹೊತ್ತು ಇಳಿಸಬೇಕು, ಮೊಣಕಾಲಿಗೆ ಪಟ್ಟಿಯಿದೆ.

"ಎಲ್ಲಿಗೆ ಹೋಗ್ತೀರಾ?" ಎಂದಳು. "ಕೆಳಗೆ ಹೋಗಿ ಬರಲ್ಲ ಅಂತ ಹೇಳಿ. ಅಷ್ಟು ದೂರದಿಂದ ಬಂದಿದ್ದಾನೆ, ಬಾಯಿಗೆ ಬಂದ ಹಾಗೆ ಬೈತಾನೆ. ಬೈಸಿಕೊಂಡು ಬೇಗ ಬನ್ನಿ. ನಂದು ಇನ್ನೂ ಮುಗಿದಿಲ್ಲ."

ಇಳಿದು ಹೋದೆ. ಡ್ರೈವರ್ ಬಾಯಿಗೆ ಬಂದ ಹಾಗೇ ಬೈದ. ಬೆಳಗಿನಿಂದ ಹೊಟ್ಟೆಗೇನೂ ಬಿದ್ದಿಲ್ಲ ಎನ್ನುವುದು ಮಾತಿನ ಮಧ್ಯದಲ್ಲಿ ಗೊತ್ತಾಯಿತು. ಮೇಲಕ್ಕೆ ಕರೆದುಕೊಂಡು ಬಂದೆ. ಅವನು ತಟ್ಟೆಯ ಮುಂದೆ ಕೂತ. ನಾನು ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಿದೆ. ಅಲ್ಲಿ ಯಾಕೆ ತಳ್ಳಿದಿರಿ, ಬಟ್ಟೆಯೆಲ್ಲ ಸುಕ್ಕಾಗುವುದಿಲ್ಲವೇ, ಮೊದಲು ತೆಗೆದು ಬೀರುವಿನಲ್ಲಿ ಇಡುವಷ್ಟು ಬುದ್ಧಿ ಇಲ್ಲವೇ ಎಂದು ಬೈದಳು. ತೆಗೆದು ಇಟ್ಟೆ.

ಅಷ್ಟರಲ್ಲಿ ಅವಳ ಬೈಗುಳದಲ್ಲಿ ಸೈಕಲ್ ಹೆಸರು ಕೇಳಿದ ಡ್ರೈವರ್, ಯಾವ ಸೈಕಲ್ಲು ಅಮ್ಮಾ ಎಂದು ಕೇಳಿದ್ದ. ಅವಳು ಅವನಿಗೆ ಮೊದಲಿನಿಂದ ಹೇಳತೊಡಗಿದಳು. ನಾನೂ ಪಕ್ಕದಲ್ಲಿ ಕೂತು ಇನ್ನೊಂದು ಸಲ ಕೇಳಿದೆ. ಈ ಸಲ ನಾಯಿ ಸ್ವಲ್ಪ ದೊಡ್ಡದಿತ್ತು.